ಕುದುರೆಯ ಬಾಲ ಉದುರಿದೆಯಾ? ಮತ್ತೆ ಬೆಳೆಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಲಾಯ ಇದೆ. ಅದರಲ್ಲಿ ಎರಡು ಕುದುರೆಗಳು. ಗೌರಿ ರೇಸಿನಲ್ಲಿ ಓಡಿ ದಣಿದು ಬಂದವಳು. ಶಂಕರ ಮದುವೆ ಮೆರವಣಿಗೆಗೆ ಹೋಗುತ್ತಿದ್ದ ಬಿಳಿ ಕುದುರೆ. ಕುದುರೆ ಸಾಕುವವರು ನನಗೆ ಫೋನ್ ಮಾಡಿದರೆ ಮೊದಲು ಕಾಲಿನ ಬಗ್ಗೆ ಕೇಳುತ್ತಾರೆ, ಆಮೇಲೆ ಹೊಟ್ಟೆನೋವಿನ ಬಗ್ಗೆ. ಫೋನ್ ಇಡುವ ಹೊತ್ತಿಗೆ ಸ್ವಲ್ಪ ಹಿಂಜರಿಯುತ್ತಾ "ಬಾಲ ಯಾಕೋ ತೆಳ್ಳಗಾಗಿದೆ" ಎನ್ನುತ್ತಾರೆ.

ಹಿಂಜರಿಯಬೇಕಾಗಿಲ್ಲ. ಬಾಲ ಬರೀ ಚೆಂದಕ್ಕೆ ಇರುವುದಲ್ಲ, ಅದು ಕುದುರೆಯ ಕೈ. ನಮ್ಮ ಕಡೆ ನೊಣ, ನುಸಿ ಇಲ್ಲದ ತಿಂಗಳೇ ಇಲ್ಲ. ದೊಡ್ಡ ಕುದುರೆ ನೊಣಗಳು ಕಚ್ಚಿ ಸರ್ರಾ ಎಂಬ ಜ್ವರವನ್ನೂ ಹರಡುತ್ತವೆ. ಇಂಥ ಕಡೆ ಬಾಲ ಕಳೆದುಕೊಂಡ ಕುದುರೆ ದಿನವಿಡೀ ಕಾಲು ಬಡಿಯುತ್ತಾ ನಿಂತಿರುತ್ತದೆ. ಅದನ್ನು ನೋಡಲಾಗುವುದಿಲ್ಲ.

ಬಾಲಕ್ಕೆ ಎರಡು ಭಾಗ. ಮೇಲೆ ಮೂಳೆ, ಮಾಂಸ, ಚರ್ಮ ಇರುವ ದಿಂಡು. ಅದರೊಳಗೆ ಸಾಮಾನ್ಯವಾಗಿ 18ರ ಆಸುಪಾಸು ಸಣ್ಣ ಮೂಳೆಗಳಿರುತ್ತವೆ. ಅದರಿಂದ ಕೆಳಗೆ ಇಳಿಬಿದ್ದಿರುವುದೆಲ್ಲ ಬರೀ ಕೂದಲು. ಮುಂದೆ "ದಿಂಡು" ಎಂದಾಗಲೆಲ್ಲ ಆ ಮೇಲಿನ ಭಾಗ ಎಂದು ತಿಳಿದುಕೊಳ್ಳಿ.

ಉದುರಿದ ಬಾಲ ಮತ್ತೆ ಬೆಳೆಯುತ್ತಾ?

ಬಹುತೇಕ ಸಲ ಬೆಳೆಯುತ್ತದೆ. ಕೂದಲಿನ ಬೇರು ಚರ್ಮದೊಳಗೆ ಜೀವಂತ ಇದ್ದರೆ ಸಾಕು. ಸುಟ್ಟ ಗಾಯ, ಆಳದ ಗಾಯ ಅಥವಾ ಬಿಗಿಯಾದ ಕಟ್ಟಿನಿಂದ ಬೇರೇ ಸತ್ತಿದ್ದರೆ ಅಲ್ಲಿ ಚರ್ಮ ನುಣ್ಣಗೆ, ಗಟ್ಟಿಯಾಗಿ, ಹೊಳೆಯುವ ಹಾಗೆ ಆಗಿರುತ್ತದೆ. ಆ ಜಾಗದಲ್ಲಿ ಕೂದಲು ಬರುವುದಿಲ್ಲ. ಕೆಲವೊಮ್ಮೆ ಬೇರು ಉಳಿದು ಬಣ್ಣ ಕೊಡುವ ಜೀವಕೋಶ ಮಾತ್ರ ಸತ್ತಿರುತ್ತದೆ. ಆಗ ಕಪ್ಪು ಬಾಲದ ಮಧ್ಯೆ ಬಿಳಿ ಕೂದಲು ಹುಟ್ಟುತ್ತದೆ. ಅದಕ್ಕೆ ಹೆದರಬೇಡಿ, ಗಾಯ ವಾಸಿಯಾದ ಗುರುತು ಅಷ್ಟೇ.

ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. ಕೂದಲು ಬೆಳೆಸುವ ಔಷಧಿ ಹುಡುಕಬೇಡಿ, ಕೂದಲು ಹೋಗುತ್ತಿರುವ ಕಾರಣ ಹುಡುಕಿ. ಬೆಳೆಯುವ ಕೆಲಸ ಚರ್ಮದ್ದು, ಅದು ಯಾವಾಗಲೂ ನಡೆಯುತ್ತಲೇ ಇರುತ್ತದೆ. ಬಂದದ್ದು ಬಂದ ಹಾಗೇ ಹೋಗುತ್ತಿದ್ದರೆ ಯಾವ ಎಣ್ಣೆ ಹಚ್ಚಿದರೂ ದಂಡ.

ಎಷ್ಟು ದಿನ ಬೇಕು?

ದಿನದ ಲೆಕ್ಕ ಬಿಡಿ, ವರ್ಷದ ಲೆಕ್ಕ ಇಟ್ಟುಕೊಳ್ಳಿ. ಬಾಲದ ಕೂದಲು ತಿಂಗಳಿಗೆ ಹೆಚ್ಚುಕಡಿಮೆ 2 ಸೆಂ.ಮೀ. ಬೆಳೆಯುತ್ತದೆ. ಆರು ತಿಂಗಳಿಗೆ ಒಂದು ಗೇಣೂ ಆಗುವುದಿಲ್ಲ, ವರ್ಷಕ್ಕೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ದಿಂಡಿನ ತುದಿಯಿಂದ ಗೊರಸಿನ ಹತ್ತಿರದ ಗಂಟಿನವರೆಗೆ ಮುಟ್ಟಬೇಕೆಂದರೆ ಮೂರೂವರೆ, ನಾಲ್ಕು ವರ್ಷ ಹಿಡಿಯುತ್ತದೆ.

ಮೈಮೇಲಿನ ಕೂದಲು ಕಾಲಕ್ಕೆ ತಕ್ಕಂತೆ ಉದುರಿ ಹೊಸದು ಬರುತ್ತದೆ. ಬಾಲ ಮತ್ತು ಕುತ್ತಿಗೆಯ ಕೂದಲು ಹಾಗಲ್ಲ, ಒಂದೊಂದು ಎಳೆಯೂ ವರ್ಷಗಟ್ಟಲೆ ಇರುತ್ತದೆ. ಅದಕ್ಕೇ ಒಂದು ವಾರದ ಅಜಾಗರೂಕತೆ ಮೂರು ವರ್ಷ ಕಣ್ಣಿಗೆ ಕಾಣುತ್ತಿರುತ್ತದೆ.

ಕೂದಲು ತುಂಡಾಗಿದೆಯೋ, ಬುಡದಿಂದಲೇ ಉದುರಿದೆಯೋ? ಹೇಗೆ ಗೊತ್ತಾಗುತ್ತೆ?

ಇದನ್ನು ಕೈಯಾರೆ ಮುಟ್ಟಿ ನೋಡಬೇಕು. ಬೆಳಗಿನ ಬಿಸಿಲು ಬೀಳುವ ಕಡೆ ಕುದುರೆ ನಿಲ್ಲಿಸಿ. ನೇರ ಹಿಂದೆ ನಿಲ್ಲಬೇಡಿ. ಪಕ್ಕದಲ್ಲಿ, ಅದರ ತೊಡೆಗೆ ಹತ್ತಿಕೊಂಡು ನಿಲ್ಲಿ. ಬೆನ್ನಿನಿಂದ ಕೈ ಸವರುತ್ತಾ, ಮಾತಾಡಿಸುತ್ತಾ ಬಾಲದವರೆಗೆ ಬನ್ನಿ.

ದಿಂಡಿನ ಮೇಲ್ಭಾಗದ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿ. ಗಿಡ್ಡ ಕೂದಲು ಸವೆದ ಕಡ್ಡಿ ಪೊರಕೆಯ ಹಾಗೆ ಎದ್ದು ನಿಂತಿದ್ದು, ತುದಿ ಮೊಂಡಾಗಿ ಸೀಳಿದ್ದರೆ ಅದು ತುಂಡಾದದ್ದು. ಉಜ್ಜಿಯೋ, ಕಚ್ಚಿಯೋ, ಬಾಚಣಿಗೆ ಎಳೆದೋ ಕಿತ್ತಿದೆ. ಚರ್ಮ ಅಲ್ಲಲ್ಲಿ ಬೋಳಾಗಿದ್ದು, ನಾಲ್ಕು ಎಳೆ ಹಿಡಿದು ಮೆಲ್ಲಗೆ ಎಳೆದರೂ ಬುಡದ ಬಿಳಿ ಗಂಟಿನ ಸಮೇತ ಕೈಗೆ ಬಂದರೆ ಅದು ಬುಡದಿಂದ ಉದುರುತ್ತಿದೆ. ಆಗ ಕಾರಣ ಚರ್ಮದಲ್ಲಿ ಅಥವಾ ಹೊಟ್ಟೆಗೆ ಹೋಗುವ ಮೇವಿನಲ್ಲಿ ಇರುತ್ತದೆ.

ಇನ್ನೊಂದು ಗುರುತಿದೆ, ಅದು ಖುಷಿ ಕೊಡುವಂಥದ್ದು. ಗಿಡ್ಡ ಕೂದಲಿನ ತುದಿ ಮೊಂಡಾಗಿರದೆ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿದ್ದು, ಮುಟ್ಟಿದರೆ ಮೆತ್ತಗಿದ್ದರೆ ಅದು ಹೊಸದಾಗಿ ಹುಟ್ಟಿದ ಕೂದಲು. ಜನ ಅದನ್ನೇ ತುಂಡಾದ ಕೂದಲು ಎಂದು ತಪ್ಪು ತಿಳಿದು ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮ ಕುದುರೆ ಗೋಡೆಗೆ, ಕಂಬಕ್ಕೆ ಬಾಲ ಉಜ್ಜುತ್ತಲೇ ಇರುತ್ತೆ. ಯಾಕೆ?

ಬಾಲ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ತುರಿಕೆ ಎಲ್ಲಿಂದ ಬರುತ್ತಿದೆ ಎಂದು ಒಂದೊಂದಾಗಿ ನೋಡಬೇಕು.

ಮೊದಲು ಬಾಲ ಎತ್ತಿ ಗುದದ ಸುತ್ತ ನೋಡಿ. ಒಣಗಿದ ಗಂಜಿ ಮೆತ್ತಿದ ಹಾಗೆ ಬಿಳಿ-ಹಳದಿ ಅಂಟು ಕಾಣುತ್ತಿದೆಯಾ? ಅದು ಪಿನ್‌ವರ್ಮ್ ಜಂತಿನ ಮೊಟ್ಟೆ ಇರಬಹುದು. ಈ ಜಂತಿನ ಹೆಣ್ಣು ಹುಳು ಹೊರಗೆ ಬಂದು ಗುದದ ಸುತ್ತ ಅಂಟಿನಲ್ಲಿ ಮೊಟ್ಟೆ ಇಡುತ್ತದೆ. ಆ ಅಂಟು ಒಣಗುವಾಗ ವಿಪರೀತ ತುರಿಕೆ. ಲದ್ದಿ ಪರೀಕ್ಷೆ ಮಾಡಿಸಿದರೆ "ಜಂತು ಇಲ್ಲ" ಎಂದು ಬರುವುದೇ ಜಾಸ್ತಿ, ಯಾಕೆಂದರೆ ಮೊಟ್ಟೆ ಇರುವುದು ಲದ್ದಿಯಲ್ಲಲ್ಲ, ಚರ್ಮದ ಮೇಲೆ. ಬೆಳಿಗ್ಗೆ, ತೊಳೆಯುವ ಮೊದಲು, ಪಾರದರ್ಶಕ ಸೆಲೋಟೇಪನ್ನು ಆ ಜಾಗಕ್ಕೆ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಪಶುವೈದ್ಯರಿಗೆ ಕೊಡಿ. ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಇದ್ದರೆ ಕಾಣುತ್ತದೆ.

ಜಂತಿನ ಔಷಧಿ ಯಾವುದು, ಎಷ್ಟು ಎಂದು ವೈದ್ಯರೇ ಹೇಳಲಿ. ಕೆಲವು ಕಡೆ ಈ ಹುಳುವಿಗೆ ಐವರ್ಮೆಕ್ಟಿನ್ ಎಂಬ ಜಂತಿನ ಔಷಧಿ ಈಗ ಸರಿಯಾಗಿ ತಾಗುತ್ತಿಲ್ಲ. ಔಷಧಿಯಷ್ಟೇ ಮುಖ್ಯವಾದದ್ದು ಶುಚಿ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ದಿನಾ ಆ ಜಾಗ ಒರೆಸಿ, ಹತ್ತಿಯನ್ನು ಎಸೆದುಬಿಡಿ. ಒಂದೇ ಬಟ್ಟೆಯಲ್ಲಿ ಎರಡು ಕುದುರೆ ಒರೆಸಬೇಡಿ. ಉಜ್ಜಿದ ಗೋಡೆ, ಕಂಬ, ಮೇವಿನ ತೊಟ್ಟಿ, ಬಕೆಟ್ ಎಲ್ಲವನ್ನೂ ತಿಕ್ಕಿ ತೊಳೆಯಬೇಕು. ಮೊಟ್ಟೆ ಬಾಯಿಗೆ ಹೋದ ಮೇಲೆ ಹುಳು ಬೆಳೆದು ಮತ್ತೆ ಮೊಟ್ಟೆ ಇಡಲು ಸುಮಾರು ಐದು ತಿಂಗಳು ಬೇಕು. ಹಾಗಾಗಿ ಗೋಡೆ ತೊಳೆಯದೇ ಇದ್ದರೆ ಐದು ತಿಂಗಳ ನಂತರ ಅದೇ ತುರಿಕೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಎರಡನೆಯದು ನುಸಿ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಕಚ್ಚುವ ನುಸಿ. ಅದರ ಎಂಜಲಿಗೆ ಕೆಲವು ಕುದುರೆಗಳಿಗೆ ಅಲರ್ಜಿ. ಬಾಲದ ಬುಡ, ಕುತ್ತಿಗೆಯ ಮೇಲೆ, ಹೊಟ್ಟೆಯ ಕೆಳಗೆ ತುರಿಸಿಕೊಂಡು ರಕ್ತ ಬರಿಸಿಕೊಳ್ಳುತ್ತವೆ. ಮಳೆ ಶುರುವಾದ ಮೇಲೆ ಜೋರಾಗಿ, ಬೇಸಿಗೆಯಲ್ಲಿ ಕಡಿಮೆಯಾದರೆ ಇದರ ಮೇಲೇ ಅನುಮಾನ ಪಡಿ. ಐಸ್‌ಲ್ಯಾಂಡಿನಲ್ಲಿ ಬಹುಕಾಲ ಈ ನುಸಿ ಇರಲೇ ಇಲ್ಲ. ಅಲ್ಲಿ ಹುಟ್ಟಿ ಯುರೋಪಿನ ಬೇರೆ ದೇಶಗಳಿಗೆ ಹೋದ ಕುದುರೆಗಳಿಗೆ ಈ ಅಲರ್ಜಿ ತುಂಬಾ ಕಾಡುತ್ತದೆ.

ನುಸಿ ಹುಟ್ಟುವುದು ಕೆಸರಲ್ಲಿ, ಒದ್ದೆ ಲದ್ದಿಯ ಗುಡ್ಡೆಯಲ್ಲಿ. ಹಾರಾಡುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಎರಡು ಹೊತ್ತು ಕುದುರೆ ಲಾಯದೊಳಗೆ ಇರಲಿ. ಒಂದು ದೊಡ್ಡ ಫ್ಯಾನ್ ಹಾಕಿ. ನುಸಿಗೆ ಗಾಳಿಗೆದುರು ಹಾರುವ ಶಕ್ತಿ ಇಲ್ಲ. ನಾನು ಕೊಂಡ ಎಲ್ಲ ಸ್ಪ್ರೇಗಳಿಗಿಂತ ಆ ಫ್ಯಾನೇ ಹೆಚ್ಚು ಕೆಲಸ ಮಾಡಿದೆ. ಸೊಳ್ಳೆ ಪರದೆಯ ಕಣ್ಣು ನುಸಿಗೆ ದೊಡ್ಡದಾಯಿತು, ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಬೇಕು.

ಮೂರನೆಯದು ಹೇನು ಮತ್ತು ಉಣ್ಣೆ. ಬಾಲದ ಅಡಿಭಾಗದ ಮೆತ್ತಗಿನ ಚರ್ಮ ಉಣ್ಣೆಗೆ ಇಷ್ಟದ ಜಾಗ. ವಾರಕ್ಕೊಮ್ಮೆ ಬೆರಳಾಡಿಸಿ ನೋಡಿ.

ನಾಲ್ಕನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ಗಂಡು ಕುದುರೆಯ ಮರ್ಮಾಂಗದ ಚರ್ಮದ ಚೀಲದಲ್ಲಿ, ಹೆಣ್ಣಿನ ಎರಡು ಮೊಲೆಗಳ ನಡುವೆ ಕೊಳೆ ಕಟ್ಟುತ್ತದೆ. ಅಲ್ಲಿ ತುರಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ, ಬಾಲ ಉಜ್ಜುತ್ತದೆ. ಸೋಪಿಲ್ಲದೆ, ಬೆಚ್ಚಗಿನ ನೀರಲ್ಲಿ ಮೆತ್ತಗೆ ತೊಳೆದರೆ ಸಾಕು. ಶಂಕರನ ಉಜ್ಜಾಟ ನಿಂತಿದ್ದು ಇಷ್ಟರಿಂದಲೇ.

ತುರಿಕೆಯೇ ಇಲ್ಲ. ಚರ್ಮವೂ ಚೆನ್ನಾಗಿದೆ. ಆದರೂ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿದೆ. ಏನಿರಬಹುದು?

ಸುಬಾಬುಲ್ ಸೊಪ್ಪು ಹಾಕುತ್ತಿದ್ದೀರಾ? ದಯವಿಟ್ಟು ಇವತ್ತೇ ನಿಲ್ಲಿಸಿ.

ಇದನ್ನು ನಾನು ಗೌರಿಯಿಂದ ಕಲಿತೆ. ಅವಳು ಬಂದ ಎರಡನೇ ಬೇಸಿಗೆ. ಹಸಿರು ಮೇವಿಗೆ ಬರ. ಪಕ್ಕದ ತೋಟದವರು ಆಡುಗಳಿಗೆ ಕಡಿಯುತ್ತಿದ್ದ ಸುಬಾಬುಲ್ ಸೊಪ್ಪಿನಲ್ಲಿ ದಿನಾ ಒಂದು ಹೊರೆ ನಮಗೂ ಕೊಡುತ್ತಿದ್ದರು. ಗೌರಿ ಬಾಯಿ ಚಪ್ಪರಿಸಿ ತಿನ್ನುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಒಂದು ದಿನ ಬಾಲ ಬಿಡಿಸುತ್ತಿದ್ದಾಗ ಹೆಬ್ಬೆರಳು ಗಾತ್ರದ ಒಂದು ಗೊಂಚಲು ಹಾಗೇ ಕೈಯಲ್ಲಿ ಉಳಿಯಿತು. ಎಳೆಯಲೇ ಇಲ್ಲ ನಾನು. ಕುತ್ತಿಗೆಯ ಕೂದಲೂ ಹಾಗೇ. ಮೈ ಕೂದಲು ಮಾತ್ರ ಹೊಳೆಯುತ್ತಿತ್ತು.

ಜಂತು ನೋಡಿದ್ದಾಯಿತು, ಫಂಗಸ್ ನೋಡಿದ್ದಾಯಿತು. ಕೊನೆಗೆ ವೈದ್ಯರು "ಏನೇನು ತಿನ್ನಿಸುತ್ತೀರಿ?" ಎಂದು ಕೇಳಿದರು. ಹುರುಳಿ, ಬೂಸಾ, ಹುಲ್ಲು ಎಂದೆ. ಸೊಪ್ಪು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಲಾಯದ ಮೂಲೆಯಲ್ಲಿ ಬಿದ್ದಿದ್ದ ಎಲೆ ಸವರಿದ ಕಡ್ಡಿಗಳನ್ನು ನೋಡಿ, ಒಂದನ್ನು ಎತ್ತಿಕೊಂಡು, "ಇದು?" ಎಂದರು.

ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಸ್ತು ಇದೆ. ಕೂದಲಿನ ಬೇರಿನಲ್ಲಿ ಜೀವಕೋಶಗಳು ಹೆಚ್ಚುವುದನ್ನು ಅದು ತಡೆಯುತ್ತದೆ. ಕುದುರೆಯಲ್ಲಿ ಮೊದಲು ಹೋಗುವುದು ಉದ್ದ ಕೂದಲೇ, ಅಂದರೆ ಬಾಲ ಮತ್ತು ಕುತ್ತಿಗೆಯದು. ಗೊರಸಿನ ಮೇಲೂ ಬಳೆಯ ಹಾಗೆ ಗೆರೆ ಮೂಡಬಹುದು. ಹಾಗಾದರೆ ಆಡು, ದನ ತಿಂದು ಹೇಗೆ ಚೆನ್ನಾಗಿರುತ್ತವೆ? ಅವು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯಲ್ಲಿ ಈ ವಿಷವನ್ನು ಮುರಿಯುವ ಸೂಕ್ಷ್ಮಜೀವಿ ಇರುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಹವಾಯಿಯ ಆಡುಗಳಲ್ಲಿ ಇದನ್ನು ಗುರುತಿಸಿದರು. ಆ ಜೀವಿಗೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸೀ ಎಂದು ಕರೆಯುತ್ತಾರೆ. ಕುದುರೆಗೆ ಆ ಅನುಕೂಲ ಇಲ್ಲ. ಮುಟ್ಟಿದರೆ ಮುನಿ ಗಿಡದಲ್ಲೂ ಇದೇ ಮಿಮೋಸಿನ್ ಇದೆ. ಬಯಲಲ್ಲಿ ಅದು ಹಾಸಿಕೊಂಡಿದ್ದರೆ ಅಲ್ಲಿ ಮೇಯಲು ಬಿಡಬೇಡಿ.

ಸೊಪ್ಪು ನಿಲ್ಲಿಸಿದ ಮೇಲೆ ಗೌರಿಯ ಕೂದಲು ಉದುರುವುದು ನಿಧಾನವಾಗಿ ನಿಂತಿತು. ಮೂರನೇ ತಿಂಗಳಿಗೆ ದಿಂಡಿನ ಮೇಲೆ ಮೆತ್ತಗಿನ ಹೊಸ ಕೂದಲು ಬೆರಳಿಗೆ ಸಿಕ್ಕಿತು. ಯಾವ ಎಣ್ಣೆಯನ್ನೂ ಹಚ್ಚಿರಲಿಲ್ಲ.

ಇನ್ನೊಂದು ಕಾರಣ ಸೆಲೆನಿಯಂ ಅತಿಯಾಗುವುದು. ಎರಡು ಮೂರು ಬಗೆಯ ಮಿನರಲ್ ಪುಡಿಗಳನ್ನು ಒಟ್ಟಿಗೆ ಕೊಡುವವರು ಡಬ್ಬಿಗಳ ಮೇಲಿನ ಲೆಕ್ಕವನ್ನು ಕೂಡಿಸಿ ನೋಡಿ. ಸೆಲೆನಿಯಂ ಸ್ವಲ್ಪ ಬೇಕು. ಜಾಸ್ತಿಯಾದರೆ ಬಾಲವೂ ಹೋಗುತ್ತದೆ, ಗೊರಸೂ ಒಡೆಯುತ್ತದೆ.

ಸಂಜೆ ಚೆನ್ನಾಗಿದ್ದ ಬಾಲ ಬೆಳಿಗ್ಗೆ ಅರ್ಧ ಇಲ್ಲ!

ಯಾರೋ ತಿಂದಿದ್ದಾರೆ. ಮರಿ ಕುದುರೆಗಳು ತಾಯಿಯ ಬಾಲ ಅಗಿಯುತ್ತವೆ. ಪಕ್ಕದಲ್ಲಿ ಕಟ್ಟಿದ ಕರುಗಳೂ ಅಗಿಯುತ್ತವೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಂದೇ ಮಟ್ಟಕ್ಕೆ ತುಂಡಾಗಿದ್ದರೆ ಇದೇ. ಹುಲ್ಲು ಸಾಲದೆ ಇರುವುದು, ಉಪ್ಪಿನ ಕೊರತೆ, ಬೇಜಾರು ಇವೇ ಕಾರಣ. ರಾತ್ರಿಗೆ ಹುಲ್ಲು ಜಾಸ್ತಿ ಹಾಕಿ, ಉಪ್ಪಿನ ಗಟ್ಟಿ ಇಡಿ, ಕರುವನ್ನು ದೂರ ಕಟ್ಟಿ.

ದನಕ್ಕೆ ಹಾಕುವ ಉಣ್ಣೆ ಔಷಧಿ, ಇಂಜೆಕ್ಷನ್ ಕುದುರೆಗೂ ಆಗುತ್ತಲ್ವಾ?

ಆಗುವುದಿಲ್ಲ. ಈ ಉತ್ತರವನ್ನು ಲಾಯದ ಬಾಗಿಲಿಗೆ ಬರೆದು ಅಂಟಿಸಿ.

ದನದ ಉಣ್ಣೆಗೆ ನಮ್ಮ ಊರುಗಳಲ್ಲಿ ಸಲೀಸಾಗಿ ಸಿಗುವ ಅಮಿಟ್ರಾಜ್ ಕುದುರೆಗೆ ಹಚ್ಚಿದರೆ ಕರುಳಿನ ಚಲನೆ ನಿಂತು, ಲದ್ದಿ ಕಟ್ಟಿ, ಹೊಟ್ಟೆನೋವಿನಿಂದ ಸಾಯಬಹುದು. ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ ಇಂಜೆಕ್ಷನ್ನೂ ಕುದುರೆಗೆ ಬೇಡ, ಚುಚ್ಚಿದ ಜಾಗ ಕೊಳೆತು ಪ್ರಾಣಕ್ಕೇ ಬರುವುದುಂಟು. ಕುದುರೆಗೆಂದೇ ಬಾಯಿಗೆ ಹಾಕುವ ಪೇಸ್ಟ್ ಬೇರೆ ಇದೆ. ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚುವುದನ್ನೂ ನೋಡಿದ್ದೇನೆ. ಅವು ಹೇನಿನ ಜೊತೆ ಚರ್ಮವನ್ನೂ ಸುಡುತ್ತವೆ.

ಯಾವ ಎಣ್ಣೆ ಹಚ್ಚಿದರೆ ಬೇಗ ಬೆಳೆಯುತ್ತೆ?

ಬೇಗ ಬೆಳೆಸುವ ಎಣ್ಣೆ ಇಲ್ಲ. ಎಣ್ಣೆ ಇರುವ ಕೂದಲನ್ನು ಒಡೆಯದ ಹಾಗೆ ಕಾಪಾಡುತ್ತದೆ, ಅದೇ ದೊಡ್ಡ ಉಪಕಾರ. ನಾನು ಬಳಸುವುದು ಕೊಬ್ಬರಿ ಎಣ್ಣೆ. ಅಂಗೈಗೆ ಒಂದು ಚಮಚದಷ್ಟು ಹಾಕಿಕೊಂಡು, ಎರಡೂ ಕೈಗೆ ಸವರಿ, ದಿಂಡಿನಿಂದ ಕೆಳಗಿನ ಕೂದಲಿಗೆ ಮಾತ್ರ ಹಚ್ಚುತ್ತೇನೆ. ಸುರಿಯುವಷ್ಟು ಹಚ್ಚಿದರೆ ಧೂಳು ಹಿಡಿದು ಹಗ್ಗವಾಗುತ್ತದೆ.

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಕಡುವಾದವು. ನೇರವಾಗಿ ಬೇಡ, ಕೊಬ್ಬರಿ ಎಣ್ಣೆಯಲ್ಲಿ ಸ್ವಲ್ಪ ಬೆರೆಸಿ, ತೊಡೆಯ ಮೇಲೆ ಸಣ್ಣ ಜಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡಿ. ಹರಳೆಣ್ಣೆ ತೀರಾ ಮಂದ, ಅಂಟು. ನಾನು ಬಳಸುವುದಿಲ್ಲ. ಹರಳು ಬೀಜ, ಹರಳು ಹಿಂಡಿ ಮಾತ್ರ ಲಾಯದ ಸುತ್ತಮುತ್ತ ಎಲ್ಲೂ ಇರಬಾರದು. ಸ್ವಲ್ಪ ತಿಂದರೂ ಕುದುರೆ ಉಳಿಯುವುದು ಕಷ್ಟ.

ಬಾಲವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಎರಡು ವಾರಕ್ಕೊಮ್ಮೆ ಸಾಕು, ಕೆಸರಾದಾಗ ಬರೀ ನೀರು. ಬಟ್ಟೆ ಸೋಪು, ಪಾತ್ರೆ ಸೋಪು ಬೇಡವೇ ಬೇಡ. ಮೆತ್ತಗಿನ ಶಾಂಪೂ ಆಗುತ್ತದೆ, ತಿಳಿಯಾಗಿ ಸೋಸಿದ ಸೀಗೆಕಾಯಿ ನೀರೂ ಆಗುತ್ತದೆ. ಗುದದ ಹತ್ತಿರ ತಾಗಿದರೆ ಉರಿಯುತ್ತದೆ, ಜೋಪಾನ. ಬುಡಕ್ಕೆ ಬೆರಳು ಹಾಕಿ ತಿಕ್ಕಿ. ಎಲ್ಲಕ್ಕಿಂತ ಮುಖ್ಯವಾದದ್ದು ಜಾಲಾಡುವುದು. ದಿಂಡಿನ ಮೇಲೆ ಸೋಪು ಉಳಿದು ಒಣಗಿದರೆ ಅದೇ ತುರಿಕೆ ತರುತ್ತದೆ. ನೊರೆ ಹೋದ ಮೇಲೂ ಇನ್ನೊಂದು ಬಕೆಟ್ ನೀರು ಹಾಕಿ.

ಬಾಚುವುದು ಹೇಗೆ? ಉತ್ತರಾಣಿ ಕಚ್ಚಿಕೊಂಡರೆ?

ಬೆರಳೇ ಒಳ್ಳೆಯ ಬಾಚಣಿಗೆ. ಮೈ ತಿಕ್ಕುವ ಕಬ್ಬಿಣದ ಖರಾರವನ್ನು ಬಾಲಕ್ಕೆ ಮುಟ್ಟಿಸಲೇಬೇಡಿ. ಒಂದು ಎಳೆ ಕಿತ್ತು ಬಂದರೆ ಅದರ ಜಾಗ ತುಂಬಲು ಮೂರು ವರ್ಷ ಎಂದು ನೆನಪಿದ್ದರೆ ಕೈ ತಾನಾಗೇ ನಿಧಾನವಾಗುತ್ತದೆ.

ಬಾಲ ಪೂರ್ತಿ ಒಣಗಿರಲಿ. ಒದ್ದೆ ಕೂದಲು ಹಿಗ್ಗಿ ತುಂಡಾಗುತ್ತದೆ. ಎಡಗೈಯಲ್ಲಿ ಒಂದು ಹಿಡಿ ಕೂದಲನ್ನು ಸಿಕ್ಕಿನ ಮೇಲ್ಗಡೆ ಹಿಡಿದುಕೊಳ್ಳಿ, ಬುಡಕ್ಕೆ ಎಳೆತ ತಾಗಬಾರದು. ಬಲಗೈಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಹಿತ್ತಲು ಬದುಗಳಲ್ಲಿ ಮೇದು ಬಂದಾಗ ಉತ್ತರಾಣಿ ಮುಳ್ಳು ಬಾಲದ ತುಂಬಾ ಇರುತ್ತದೆ. ಆಗ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಮುಳ್ಳಿನಿಂದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿ. ಅರ್ಧ ಗಂಟೆ ಹಿಡಿಯುತ್ತದೆ. ನಾನು ರೇಡಿಯೋ ಹಾಕಿಕೊಂಡು ಕೂರುತ್ತೇನೆ, ಗೌರಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ.

ದಿನಾ ಬಾಚಬೇಕಾಗಿಲ್ಲ. ವಾರಕ್ಕೊಮ್ಮೆ ಸಾಕು.

ಜಡೆ ಹಾಕಿ ಕಟ್ಟಿಟ್ಟರೆ ಒಳ್ಳೆಯದಾ?

ದಿಂಡು ಮುಗಿದ ಮೇಲೆ, ಅದರ ಕೆಳಗೆ, ಸಡಿಲವಾಗಿ ಜಡೆ ಹಾಕಬಹುದು. ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಕಟ್ಟುವವರೂ ಇದ್ದಾರೆ. ಹತ್ತು ದಿನಕ್ಕೊಮ್ಮೆ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಹಾಕಬೇಕು. ಆದರೆ ಚೀಲದೊಳಗಿನ ಬಾಲ ನೊಣ ಓಡಿಸುವುದಿಲ್ಲ. ನೊಣ ಜಾಸ್ತಿ ಇರುವ ತಿಂಗಳುಗಳಲ್ಲಿ ಬಾಲವನ್ನು ಬಿಟ್ಟೇ ಇಡಿ ಎನ್ನುವುದು ನನ್ನ ಅಭಿಪ್ರಾಯ. ಮಳೆಯಲ್ಲಿ ಒದ್ದೆ ಚೀಲ ಅಂತೂ ಕೂಡದು.

ದಿಂಡಿನ ಮೇಲೆ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜ್ ಬಗ್ಗೆ ಬಹಳ ಎಚ್ಚರ. ಲಾರಿಯಲ್ಲಿ ಸಾಗಿಸುವಾಗ ಬಾಲ ಉಜ್ಜದಿರಲಿ ಎಂದು ಸುತ್ತುತ್ತಾರೆ. ಸರಿಯಾದ ಕ್ರಮವೇ, ಆದರೆ ಊರು ಮುಟ್ಟಿದ ತಕ್ಷಣ ಬಿಚ್ಚಬೇಕು. ಗೌರಿಯನ್ನು ಕಳಿಸಿಕೊಟ್ಟ ಕಡೆಯವರು ಬಿಗಿಯಾಗಿ ಸುತ್ತಿದ್ದರು. ರಾತ್ರಿ ಬಂದಳು, ನಾವು ಬೆಳಿಗ್ಗೆ ಬಿಚ್ಚಿದೆವು. ಮೂರು ಬೆರಳಗಲದ ಒಂದು ಪಟ್ಟಿಯಲ್ಲಿ ಕೂದಲೆಲ್ಲ ಉದುರಿತು. ಆ ಪಟ್ಟಿಯಲ್ಲಿ ಇವತ್ತಿಗೂ ಬಿಳಿ ಕೂದಲೇ ಬರುತ್ತದೆ. ಅಷ್ಟರಲ್ಲೇ ಮುಗಿದದ್ದು ಅವಳ ಪುಣ್ಯ. ರಕ್ತ ಓಡದೆ ದಿಂಡೇ ಕೊಳೆತುಹೋಗುವುದೂ ಉಂಟು.

ಏನು ತಿನ್ನಿಸಿದರೆ ಕೂದಲಿಗೆ ಒಳ್ಳೆಯದು?

ಮೊದಲು ಹೊಟ್ಟೆ ತುಂಬಾ ಹುಲ್ಲು. 400 ಕೆಜಿ ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣ ಹುಲ್ಲು ಬೇಕು. ಇದಿಲ್ಲದೆ ಬೇರೆ ಏನು ಕೊಟ್ಟರೂ ಲೆಕ್ಕಕ್ಕಿಲ್ಲ.

ಕೂದಲು ಎಂದರೆ ಪ್ರೋಟೀನ್. ನಮ್ಮಲ್ಲಿ ಬೇಯಿಸಿದ ಹುರುಳಿ ತಲೆಮಾರುಗಳಿಂದ ನಡೆದು ಬಂದಿದೆ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಸಿಕ್ಕರೆ ಇನ್ನೂ ಒಳ್ಳೆಯದು. ಬೂಸಾ ಅಗ್ಗ ಎಂದು ಅದನ್ನೇ ಸುರಿಯಬೇಡಿ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ, ಮೂಳೆಗೆ ಕೆಟ್ಟದ್ದು. ಅಗಸೆ ಬೀಜ ಚರ್ಮಕ್ಕೆ, ಕೂದಲಿನ ಹೊಳಪಿಗೆ ಒಳ್ಳೆಯದು. ಆಗಾಗಲೇ ಪುಡಿ ಮಾಡಿ, ಒಂದು ಹಿಡಿಯಿಂದ ಶುರು ಮಾಡಿ, ದಿನಕ್ಕೆ 100 ಗ್ರಾಂವರೆಗೆ ಕೊಡಬಹುದು. ಪುಡಿಯನ್ನು ನೀರಲ್ಲಿ ನೆನೆಸಿ ಇಡಬೇಡಿ.

ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದಿನಕ್ಕೆ 15ರಿಂದ 20 ಮಿಲಿಗ್ರಾಂ ಕೊಟ್ಟು ಗೊರಸು ಸುಧಾರಿಸಿದ ದಾಖಲೆಗಳಿವೆ, ಅದೂ ತಿಂಗಳುಗಟ್ಟಲೆ ಕೊಟ್ಟ ಮೇಲೆ. ಕೊರತೆ ಇಲ್ಲದ ಕುದುರೆಗೆ ಬಾಲ ಉದ್ದ ಮಾಡುತ್ತದೆ ಎಂದು ನಾನು ಹೇಳಲಾರೆ. ಸತು ಮತ್ತು ತಾಮ್ರದ ಕೊರತೆ ಇದ್ದರೆ ಕಪ್ಪು ಬಾಲದ ತುದಿ ಕೆಂಪಾಗಿ ಒರಟಾಗುವುದುಂಟು. ಆದರೆ ಬಿಸಿಲಿಗೂ ಹಾಗೇ ಆಗುತ್ತದೆ.

ಎರಡು ಎಚ್ಚರಿಕೆ. ಕೋಳಿ, ದನದ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ, ಕುದುರೆಯ ಹೃದಯಕ್ಕೆ ಅದು ವಿಷ. ನೊಣ ಬರದಿರಲಿ ಎಂದು ಬೆಳ್ಳುಳ್ಳಿಯನ್ನು ಜಾಸ್ತಿ ತಿನ್ನಿಸಿದರೆ ರಕ್ತಹೀನತೆ ಬರುತ್ತದೆ.

ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತಾ?

ಇಲ್ಲ. ಬೆಳೆಯುವುದು ಬುಡದಲ್ಲಿ, ತುದಿಗೆ ಕತ್ತರಿ ಬಿದ್ದದ್ದು ಬುಡಕ್ಕೆ ಗೊತ್ತಾಗುವುದಿಲ್ಲ. ಸೀಳಿದ ತುದಿಯನ್ನು ಎರಡು ಬೆರಳಿನಷ್ಟು ಸಮ ಮಾಡಿದರೆ ಇನ್ನಷ್ಟು ಸೀಳುವುದು ತಪ್ಪುತ್ತದೆ, ನೋಡಲು ದಟ್ಟವಾಗಿ ಕಾಣುತ್ತದೆ. ಅಷ್ಟೇ ಲಾಭ. ಬ್ರಿಟನ್ನಿನಲ್ಲಿ ಗಾಡಿ ಕುದುರೆಗಳ ದಿಂಡನ್ನೇ ಕತ್ತರಿಸುತ್ತಿದ್ದ ಕಾಲವಿತ್ತು. 1949ರ ಕಾಯ್ದೆ ಅದನ್ನು ನಿಲ್ಲಿಸಿತು. ನೆನೆದರೆ ಹೊಟ್ಟೆ ಕಿವುಚುತ್ತದೆ.

ಹುಟ್ಟಿನಿಂದಲೇ ಬಾಲ ತೆಳ್ಳಗಿದ್ದರೆ?

ಅದು ತಳಿಯ ಗುಣ. ಅಪಲೂಸಾ ತಳಿಯ ಕೆಲವು ಕುದುರೆಗಳಿಗೆ ಇಲಿ ಬಾಲದ ಹಾಗಿರುತ್ತದೆ. ಅಖಾಲ್ ತೆಕೆ ತಳಿಗೂ ತೆಳು ಬಾಲವೇ. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರ ಕುದುರೆಗಳನ್ನು ನೋಡಿ ಬಂದು "ನಮ್ಮದಕ್ಕೆ ಯಾಕೆ ಹಾಗಿಲ್ಲ?" ಎಂದು ಕೇಳುತ್ತಾರೆ. ಅಲ್ಲಿ ಪ್ರತಿ ಕುದುರೆಯ ಹಿಂದೆ ದಿನಾ ದುಡಿಯುವ ಕೈಗಳಿವೆ, ಅದನ್ನು ಮರೆಯಬಾರದು. ತಳಿಯಿಂದ ತೆಳ್ಳಗಿರುವ ಬಾಲವನ್ನು ಇರುವಷ್ಟೇ ಚೆನ್ನಾಗಿ ಇಟ್ಟುಕೊಳ್ಳಿ.

ಮದುವೆ ಕುದುರೆಯ ಬಿಳಿ ಬಾಲಕ್ಕೆ ಬಣ್ಣ, ಮೆಹೆಂದಿ ಹಾಕಬಹುದಾ?

ಬರೀ ಮದರಂಗಿ ಸೊಪ್ಪು ಅರೆದು ಕೂದಲಿನ ತುದಿಗೆ ಹಚ್ಚಿದರೆ ತೊಂದರೆ ಇಲ್ಲ. ಅಂಗಡಿಯ "ಕಪ್ಪು ಮೆಹೆಂದಿ", ಕೂದಲಿನ ಡೈ ಬೇಡ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಬಹುದು. ಮೂತ್ರದಿಂದ ಹಳದಿಯಾದ ಬಾಲಕ್ಕೆ ಬ್ಲೀಚ್ ಹಾಕುವವರಿದ್ದಾರೆ, ಕೂದಲು ಗರಿಗರಿಯಾಗಿ ಪುಡಿಯಾಗುತ್ತದೆ. ಮಲಗುವ ಜಾಗ ಒಣಗಿದ್ದರೆ ಹಳದಿ ಅರ್ಧ ಕಡಿಮೆಯಾಗುತ್ತದೆ.

ಬಾಲದ ಕೆಳಗೆ ಕಪ್ಪು ಗಂಟುಗಳಿವೆ. ಏನವು?

ಬಿಳಿ ಅಥವಾ ಬೂದು ಕುದುರೆಯಾ? ಹಾಗಿದ್ದರೆ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಗಡ್ಡೆ, ಇರಬಹುದು. 15 ವರ್ಷ ದಾಟಿದ ಬೂದು ಕುದುರೆಗಳಲ್ಲಿ ಬಹುಪಾಲಿಗೆ ಇದು ಬರುತ್ತದೆ, ಬಾಲದ ಅಡಿಯಲ್ಲೇ ಜಾಸ್ತಿ. ಹಲವು ವರ್ಷ ಹಾಗೇ ಇರುವುದೂ ಉಂಟು. ಹಿಸುಕಬೇಡಿ, ದಾರ ಕಟ್ಟಬೇಡಿ. ಫೋಟೋ ತೆಗೆದಿಟ್ಟು ವೈದ್ಯರಿಗೆ ತೋರಿಸಿ, ಮೂರು ತಿಂಗಳಿಗೊಮ್ಮೆ ಗಾತ್ರ ಹೋಲಿಸಿ ನೋಡಿ. ಶಂಕರನಿಗೆ ಕಡಲೆಕಾಯಿ ಗಾತ್ರದ ಎರಡು ಇವೆ.

ವೈದ್ಯರನ್ನು ತಕ್ಷಣ ಯಾವಾಗ ಕರೆಸಬೇಕು?

ಬಾಲ ಎತ್ತಲಾಗದೆ ಹಗ್ಗದ ಹಾಗೆ ಜೋತು ಬಿದ್ದಿದ್ದರೆ. ಅದರ ಜೊತೆ ಮೂತ್ರ ಸೋರುತ್ತಿದ್ದರೆ ಅಥವಾ ಲದ್ದಿ ಕಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ಕಾಯಬೇಡಿ. ದಿಂಡು ತಣ್ಣಗಾಗಿದ್ದರೆ, ವಾಸನೆ ಬರುತ್ತಿದ್ದರೆ ಕೂಡಾ. ಗಾಯದಲ್ಲಿ ಹುಳು ಕಂಡರೆ ಅವತ್ತೇ ಕರೆಸಿ.

ಉದುರಿದ ಕೂದಲನ್ನು ಏನು ಮಾಡಲಿ? ಪಿಟೀಲಿಗೆ ಬಳಸುತ್ತಾರಂತೆ?

ಹೌದು. ಪಿಟೀಲಿನ ಕಮಾನಿಗೆ ಬಿಗಿಯುವುದು ಕುದುರೆ ಬಾಲದ ಕೂದಲನ್ನೇ, ಒಂದು ಕಮಾನಿಗೆ ಸುಮಾರು 150ರಿಂದ 200 ಎಳೆ. ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆಯಲ್ಲ, ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಕುದುರೆಯೇ ನೆನಪಾಗುತ್ತದೆ. ಆದರೆ ಕಮಾನಿಗೆ ಉದ್ದನೆಯ, ಒಂದೇ ದಪ್ಪದ, ಎಲ್ಲೂ ಸೀಳದ ಎಳೆಗಳು ಬೇಕು. ಬಾಚುವಾಗ ಬಂದವು ಅದಕ್ಕೆ ಆಗುವುದಿಲ್ಲ.

ನಾನು ಅವುಗಳನ್ನು ಬೇಲಿಯ ಮೇಲೆ ಇಡುತ್ತಿದ್ದೆ, ಹಕ್ಕಿಗಳು ಗೂಡಿಗೆ ಒಯ್ಯುತ್ತಿದ್ದವು. ಉದ್ದ ಎಳೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಈಗ ಬೆರಳುದ್ದಕ್ಕೆ ಕತ್ತರಿಸಿ ಇಡುತ್ತೇನೆ.